ಕೆಂಪು ದಾರದ ಗಂಟು

ಒಂದು ಊರಿತ್ತಂತೆ. ಆ ಊರಿನ ಆಚೆ ತುದಿಯ ಹಾಳುಮಂಟಪದಲ್ಲಿ ಒಂದು ತಾಯಿನಾಯಿ ಏಳು ಮರಿ ಹಾಕಿಕೊಂಡು ಸುಖವಾಗಿತ್ತಂತೆ. ಪಾಪ, ಅದಕ್ಕೆ ಎಣಿಸಲು ಬರುತ್ತಿರಲಿಲ್ಲ. ಸಂಜೆಯಾದರೆ ಒಂದೊಂದೇ ಮರಿಯನ್ನು ಮೂಗಿನಿಂದ ಮುಟ್ಟಿ, ಮೂಸಿ, ಎಲ್ಲ ಬಂದವು ಎಂದು ಮನಸ್ಸಿಗೆ ಬಂದ ಮೇಲೇ ಮಲಗುತ್ತಿತ್ತಂತೆ. ಒಂದು ದಿನ ನರಿ ಬಂದು ಒಂದು ಮರಿಯನ್ನು ಎತ್ತಿಕೊಂಡು, ಆ ಜಾಗದಲ್ಲಿ ತನ್ನ ಮರಿಯನ್ನು ಇಟ್ಟು ಹೋಯಿತಂತೆ. ತಾಯಿ ದೂರು ಕೊಟ್ಟಿತು. ಗೌಡ ಬಂದು ಎಣಿಸಿದ, ಏಳು. ಶಾನುಭೋಗ ಬಂದು ಎಣಿಸಿದ, ಏಳು. ರಾಜನೇ ಆನೆಯಿಂದಿಳಿದು ಬಂದು ಎಣಿಸಿದ, ಏಳು. ಎಲ್ಲ ಸರಿಯಾಗಿದೆಯಲ್ಲ ತಾಯಿ, ಮತ್ತೆ ಅಳುವುದೇಕೆ ಎಂದರಂತೆ. ನಾಯಿ ಹೊಸ್ತಿಲಿಗೆ ಹೋಗಿ, ಮೂತಿ ಆನಿಸಿ ಕುಳಿತಿತಂತೆ.

"ಆಮೇಲೆ ಏನಾಯ್ತಜ್ಜಿ?" ಎಂದು ಶರಣ್ಯಾ ಕೇಳಿದಾಗಲೆಲ್ಲ ತುಮಕೂರಿನ ಅಜ್ಜಿ ಮಡಿಲಿನ ಕನಕಾಂಬರದಿಂದ ಕಣ್ಣೆತ್ತದೆ, "ಹೂವು ಮುಗೀಲಿ, ಹೇಳ್ತೀನಿ" ಎನ್ನುತ್ತಿದ್ದಳು. ಅಜ್ಜಿಯ ಬೆರಳುಗಳು ದಾರವನ್ನು ಸುತ್ತುತ್ತಿದ್ದವು, ತಿರುವುತ್ತಿದ್ದವು, ಎಳೆಯುತ್ತಿದ್ದವು. ಅದನ್ನೇ ನೋಡುತ್ತ ಹುಡುಗಿಗೆ ನಿದ್ದೆ ಬಂದುಬಿಡುತ್ತಿತ್ತು. ಕಥೆ ಹೊಸ್ತಿಲಲ್ಲೇ ಉಳಿದುಹೋಯಿತು.

ಈ ಮಂಗಳವಾರ ಬೆಳಿಗ್ಗೆ ಕಾಶಿಯಲ್ಲಿ, ಲಂಕಾ ಬಡಾವಣೆಯ ಪುಸ್ತಕದಂಗಡಿಗಳ ಹಿಂದಿನ ಗಲ್ಲಿಯ ಮನೆಯಲ್ಲಿ, ಗೌರಿ ಕೂಡ ಹೊಸ್ತಿಲಿಗೆ ಮೂತಿ ಆನಿಸಿ ಕುಳಿತಿದ್ದಳು.

ಗೌರಿ ಹಯವದನ ಕಾಕಾ ಸಾಕಿದ ಕೆನೆಬಣ್ಣದ ಲ್ಯಾಬ್ರಡಾರ್. ಹದಿನೆಂಟು ದಿನದ ಬಾಣಂತಿ. ಅವಳ ಬೆನ್ನ ಹಿಂದೆ, ಕೌಸಲ್ಯಾ ಕಾಕು 'ಬಾಣಂತಿ ಪೆಟ್ಟಿಗೆ' ಎಂದು ಕರೆಯುವ ದೊಡ್ಡ ಮರದ ಪೆಟ್ಟಿಗೆಯಲ್ಲಿ, ತೂಗುಬಿಟ್ಟ ಬಲ್ಬಿನ ಬಿಸಿಗೆ ಎಂಟು ಮರಿಗಳು ಒಂದರ ಮೇಲೊಂದು ಬಿದ್ದು ಮಲಗಿದ್ದವು. ಎಂಟೂ ಒಂದೇ ಬಣ್ಣ. ಗುರುತಿಗೆಂದು ಒಂದೊಂದರ ಕುತ್ತಿಗೆಗೂ ಒಂದೊಂದು ಬಣ್ಣದ ಉಣ್ಣೆಯ ದಾರ.

ಎಂಟರಲ್ಲಿ ಒಂದು ಗೌರಿಯದಲ್ಲ. ಕೆಂಪು ದಾರದ್ದು. ಅದು ಭಾನುವಾರದಿಂದ ಮನೆಗೆಲ್ಲ ಗೊತ್ತಿತ್ತು. ಅದನ್ನು ತಂದಿಟ್ಟವರು ಯಾರು, ನಿಜವಾದ ಕೆಂಪ ಎಲ್ಲಿ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಶರಣ್ಯಾ ಪೆಟ್ಟಿಗೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತು ತೂಕ ನೋಡುತ್ತಿದ್ದಳು. ಅವಳು ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರದ ಸಂಶೋಧಕಿ, ಈ ಮನೆಯ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದವಳು. ಎರಡು ವರ್ಷದಲ್ಲಿ ಬಾಡಿಗೆಯ ಸಂಬಂಧ ಹೋಗಿ ಕಾಕಾ, ಕಾಕು ಎಂಬ ಸಂಬಂಧ ಬಂದಿತ್ತು. ಆ ಸಲಿಗೆಯಲ್ಲೇ ಭಾನುವಾರ ಕಾಕುವಿನ ಕೈಹಿಡಿದು ಮಾತು ಕೊಟ್ಟಿದ್ದಳು: ಮಂಗಳವಾರ ದೀಪ ಹಚ್ಚುವುದರೊಳಗೆ ಕೆಂಪನನ್ನು ತಂದು ಗೌರಿಯ ಮೊಲೆಗೆ ಹಚ್ಚುತ್ತೇನೆ.

ಮಾತು ಕೊಡುವಾಗ ಅದು ಕಥೆಯೊಳಗಿನ ಮಾತಿನಂತೆ ಹಗುರವಾಗಿತ್ತು. ಇವತ್ತು ಮಂಗಳವಾರ.

ಕೆಂಪ ಹುಟ್ಟುವಾಗ ಉಸಿರಾಡಿರಲಿಲ್ಲ. ಕೌಸಲ್ಯಾ ಕಾಕು ಅದನ್ನು ಟವೆಲಿನಲ್ಲಿ ಸುತ್ತಿ ಇಪ್ಪತ್ತು ನಿಮಿಷ ತಿಕ್ಕಿ, ಮೂಗಿನ ನೀರು ಒರೆಸಿ, ಮತ್ತೆ ತಿಕ್ಕಿ, ಕೊನೆಗೊಂದು ಕೀರಲು ದನಿ ಹೊರಡಿಸಿದ್ದಳು. ಅಂಥ ಮರಿ ಈ ಚಳಿಯಲ್ಲಿ, ತಾಯಿಯ ಹಾಲಿಲ್ಲದೆ, ನಾಲ್ಕು ದಿನದಿಂದ ಎಲ್ಲೋ ಇತ್ತು. ಇತ್ತೋ ಇಲ್ಲವೋ.

ಆ ನಾಲ್ಕು ದಿನದಲ್ಲಿ ಎರಡನ್ನು ತಾವೇ ಹಾಳು ಮಾಡಿದ್ದು ನೆನೆದಾಗ ಶರಣ್ಯಾಳಿಗೆ ತನ್ನ ತಲೆಯನ್ನು ತಾನೇ ಮೊಟಕಿಕೊಳ್ಳುವಂತಾಗುತ್ತಿತ್ತು. ಹಯವದನ ಕಾಕಾ ಹುಬ್ಬಳ್ಳಿಯ ಮನುಷ್ಯ, ರೈಲ್ವೆಯ ಸಿಗ್ನಲ್ ಇಂಜಿನಿಯರ್. ಎರಡು ವರ್ಷಕ್ಕೊಮ್ಮೆ ಮಾತ್ರ ಗೌರಿಗೆ ಮರಿ ಹಾಕಿಸುತ್ತಿದ್ದರು. ಅದಕ್ಕೆ ಮೊದಲು ಅವಳ ಸೊಂಟದ ಎಕ್ಸ್-ರೇ, ಕಣ್ಣಿನ ಪರೀಕ್ಷೆ, ಗಂಡಿನ ಮನೆಯ ಮೂರು ತಲೆಮಾರಿನ ವಿಚಾರಣೆ. ಹುಟ್ಟಿದ ಮರಿಗಳನ್ನು ದಿನಾ ಬೆಳಿಗ್ಗೆ ಏಳೂವರೆಗೆ ತೂಗಿ ಪುಸ್ತಕದಲ್ಲಿ ಬರೆಯುವುದು, ಒಂದೊಂದನ್ನೂ ಮೂರು ನಿಮಿಷ ಅಂಗೈಯಲ್ಲಿ ಹಿಡಿದು ಮನುಷ್ಯರ ವಾಸನೆ ರೂಢಿ ಮಾಡಿಸುವುದು, ಐವತ್ತಾರು ದಿನ ತುಂಬುವವರೆಗೆ ಯಾರು ಏನೆಂದರೂ ಮರಿ ಕೊಡದಿರುವುದು, ಎಲ್ಲದಕ್ಕೂ ಅವರಲ್ಲೊಂದು ಕ್ರಮವಿತ್ತು.

ಆ ಕ್ರಮವೇ ಕೈಕೊಟ್ಟಿತು. ಶುಕ್ರವಾರ ಸಾವಿರದ ಇನ್ನೂರ ನಲವತ್ತು ಗ್ರಾಂ ಇದ್ದ ಕೆಂಪ ಶನಿವಾರ ಎಂಟುನೂರ ಮೂವತ್ತು ತೋರಿಸಿದಾಗ ಕಾಕಾ ಮರಿಯನ್ನು ನೋಡಲಿಲ್ಲ, ತಕ್ಕಡಿಯನ್ನು ನೋಡಿದರು. "ತಕ್ಕಡಿ ಕೆಟ್ಟದ" ಎಂದರು. ಹೊಸದನ್ನು ತರುವಷ್ಟರಲ್ಲಿ ಶನಿವಾರ ಕಳೆಯಿತು. ಭಾನುವಾರ ಹೊಸ ತಕ್ಕಡಿಯೂ ಅದನ್ನೇ ಹೇಳಿದಾಗ ಮರಿಗೆ ಹುಷಾರಿಲ್ಲ ಎಂದು ಪಶುವೈದ್ಯರ ಕಂಪೌಂಡರ್ ಓಂಕಾರನನ್ನು ಕರೆಸಿದರು.

ಓಂಕಾರ ಬರುವ ಮೊದಲು ಶರಣ್ಯಾ ಮರಿಯನ್ನು ಎತ್ತಿಕೊಂಡಿದ್ದಳು. ಅದು ಅವಳ ಮುಂಗೈಯನ್ನು ಗೀರಿತು. ಸಣ್ಣ ಗೀರು, ಸೂಜಿ ಎಳೆದ ಹಾಗೆ. ಅವಳು ಗೀರನ್ನು ನೋಡಿದಳು, ಉಗುರನ್ನು ನೋಡಿದಳು. ತಾಯಿಯ ಹೊಟ್ಟೆಗೆ ಗಾಯವಾಗದಿರಲೆಂದು ಬುಧವಾರವಷ್ಟೇ ಎಂಟೂ ಮರಿಗಳ ಉಗುರಿನ ತುದಿ ಕತ್ತರಿಸಿದ್ದರು. ಈ ಮರಿಯ ಉಗುರು ಕೊಕ್ಕೆಯಂತೆ ಬಾಗಿತ್ತು.

ಆಮೇಲಿನದು ನೆನೆಸಿಕೊಳ್ಳಲು ಅವಳಿಗೆ ಇಷ್ಟವಿರಲಿಲ್ಲ. ಶುಕ್ರವಾರ ಮರಿಗಳಿಗೆ ಜಂತಿನ ಔಷಧಿ ಹಾಕಲು ದೊಡ್ಡ ಚೀಲದೊಂದಿಗೆ ಬಂದಿದ್ದವನು ಓಂಕಾರನೇ. ಕಾಕಾ ಗಲ್ಲಿಯ ನಡುವೆ, ಹತ್ತು ಜನರೆದುರು, ಅವನ ಚೀಲವನ್ನು ಕಸಿದು ನೆಲಕ್ಕೆ ಸುರಿದರು. ಸಿರಿಂಜು, ಹತ್ತಿ, ಊಟದ ಡಬ್ಬಿ. ಓಂಕಾರ ಒಂದೊಂದನ್ನೇ ಆರಿಸಿಕೊಂಡು ಹೋದ. ಗಲ್ಲಿಯ ಬಾಯಲ್ಲಿ ಹನುಮಂತನ ಗುಡಿಯ ಮುಂದೆ ಚೆಂಡುಹೂವಿನ ಹಾರ ಮಾರುವ ಅವನ ಹೆಂಡತಿ ಅಂದಿನಿಂದ ಕೌಸಲ್ಯಾ ಕಾಕುವಿಗೆ ಹಾರ ಕೊಡುವುದನ್ನು ನಿಲ್ಲಿಸಿದ್ದಳು.

ಪೊಲೀಸ್ ಚೌಕಿಯವರು ನಕ್ಕಿದ್ದರು. ಎಂಟು ಇದ್ದವು, ಎಂಟೇ ಇವೆ, "ಗಿನ್ತೀ ಪೂರೀ ಹೈ ತೋ ಚೋರೀ ಕೈಸೀ?" ಎಂದಿದ್ದರು. ಎಣಿಕೆ ಸರಿಯಿದ್ದ ಮೇಲೆ ಕಳ್ಳತನ ಎಲ್ಲಿಯದು? ಗೌಡ, ಶಾನುಭೋಗ, ರಾಜ.

"ಏನವಾ ಶರಣ್ಯಾ, ಬರದ್ಯಾ?" ಕಾಕಾ ಮಫ್ಲರ್ ಸುತ್ತಿಕೊಳ್ಳುತ್ತ ಬಾಗಿಲಲ್ಲಿ ನಿಂತರು. ಮಂಜಿಗೆ ರೈಲುಗಳೆಲ್ಲ ತಡ. ಅವರು ಕಂಟೋನ್ಮೆಂಟ್ ಸ್ಟೇಷನ್ನಿಗೆ ಓಡಬೇಕಿತ್ತು.

"ಬರೆದೆ ಕಾಕಾ."

"ಸಂಜಿ ಐದಕ್ಕ ಬರ್ತೇನಿ. ಚೌಕಿಯವರನ್ನ ಕರಕೊಂಡು ಸೀದಾ ಆ ಓಂಕಾರನ ಮನಿಗೆ ಹೋಗೂದು. ಇನ್ನ ಸಾಕು."

"ಅವನೇ ಅಂತ ಏನು ಗ್ಯಾರಂಟಿ?"

"ಮತ್ಯಾರು? ನೀನಾ, ನಾನಾ?" ಎಂದು ಬಿರುಸಾಗಿ ನಡೆದರು. ಗೇಟು ಬಡಿದ ಸದ್ದಿಗೆ ಗೌರಿ ಮೂತಿಯೆತ್ತಿ ನೋಡಿ, ಬಂದದ್ದು ತನ್ನ ಮರಿಯಲ್ಲವೆಂದು ಮತ್ತೆ ಹೊಸ್ತಿಲಿಗೆ ಒರಗಿದಳು.

ಕೌಸಲ್ಯಾ ಕಾಕು ಹೊಸ ದಾರಗಳ ಗಂಟು ತಂದು ಎದುರಿಗೆ ಕುಳಿತಳು. ಮರಿಗಳು ದಿನದಿನಕ್ಕೆ ದಪ್ಪವಾಗುತ್ತವೆ; ನಾಲ್ಕೈದು ದಿನಕ್ಕೊಮ್ಮೆ ದಾರ ಬದಲಿಸದಿದ್ದರೆ ಕುತ್ತಿಗೆಗೆ ಬಿಗಿಯುತ್ತದೆ. ಹೋದ ಗುರುವಾರ ಕಟ್ಟಿದ್ದು. ಇವತ್ತು ಬದಲಿಸಬೇಕು. ಬಿದ್ದು ಹೆಬ್ಬೆರಳು ಮುರಿದುಕೊಂಡ ಮೇಲೆ ಕಾಕುವಿಗೆ ಬೆರಳು ಬಾಗುವುದಿಲ್ಲ. ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಎರಡು ಸಾದಾ ಗಂಟು ಹಾಕುತ್ತಾಳೆ, ಅಷ್ಟೆ.

"ಮೊದಲು ಇದಕ್ಕ ಬದಲಾಯಿಸೋಣ," ಎಂದು ಕಾಕು ಆ ಪರದೇಶಿ ಮರಿಯನ್ನು ಎತ್ತಿಕೊಂಡಳು. ಅದರ ಮೇಲೆ ಸಿಟ್ಟಿರಬೇಕಿತ್ತು. ಆದರೆ ಕಾಕುವಿನ ಅಂಗೈ ಅದರ ಹೊಟ್ಟೆಯ ಕೆಳಗೆ ತಾನಾಗಿ ಬಟ್ಟಲಾಗಿತ್ತು. ನಾಲ್ಕು ದಿನದ ಗೌರಿಯ ಹಾಲಿಗೆ ಅದರ ಪಕ್ಕೆಲುಬು ಸ್ವಲ್ಪ ಮುಚ್ಚಿತ್ತು.

ಶರಣ್ಯಾ ಕತ್ತರಿ ತೂರಿಸಿದಳು. ಗಂಟಿನ ಹತ್ತಿರ ಬಂದು ಕೈ ನಿಂತಿತು.

ಅದು ಸಾದಾ ಗಂಟಲ್ಲ. ಎರಡು ಗಂಟೂ ಅಲ್ಲ. ದಾರವನ್ನು ಬೆರಳಿಗೆ ಸುತ್ತಿ, ತಿರುವಿ, ಆ ಕುಣಿಕೆಯನ್ನು ಆಚೆಯಿಂದ ತೂರಿಸಿ ಎಳೆದ ಗಂಟು. ಚಪ್ಪಟೆ, ಬಿಗಿ, ತುದಿಗಳು ಒಳಗೇ ಅಡಗಿದ್ದವು. ಸುತ್ತುವುದು, ತಿರುವುವುದು, ಎಳೆಯುವುದು. ತುಮಕೂರಿನ ಕನಕಾಂಬರದ ವಾಸನೆಯೇ ಮೂಗಿಗೆ ಬಂದಂತಾಯಿತು.

"ಕಾಕು, ಇದು ನೀವು ಕಟ್ಟಿದ್ದಾ?"

ಕಾಕು ಕನ್ನಡಕ ಏರಿಸಿ ನೋಡಿದಳು. "ನನ್ನ ಬೆರಳಿಗೆ ಇದು ಬರ್ತಿದ್ರ ನಾ ದಿನಾ ಹೂವ ಯಾಕ ಕೊಳ್ತಿದ್ದೆ? ಇದು ಮಲ್ಲಿಗಿ ಕಟ್ಟೂ ಗಂಟವಾ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಉಳಿದ ಏಳಕ್ಕೆ ಸಂಜೆ ಬದಲಿಸೋಣ ಎಂದು ಶರಣ್ಯಾ ಕೆಂಪು ದಾರವನ್ನು ಗಂಟಿನ ಸಮೇತ ಕಾಗದದಲ್ಲಿ ಮಡಚಿಕೊಂಡು ಎದ್ದಳು.

ಗಲ್ಲಿಯ ಬಾಯಲ್ಲಿ ಓಂಕಾರನ ಹೆಂಡತಿ ಚೆಂಡುಹೂವಿನ ರಾಶಿಯ ನಡುವೆ ಕುಳಿತಿದ್ದಳು. ಶರಣ್ಯಾ ಎರಡು ನಿಮಿಷ ನಿಂತು ಅವಳ ಕೈ ನೋಡಿದಳು. ಉದ್ದನೆಯ ಸೂಜಿ, ಬಿಳಿ ನೂಲು. ಹೂವಿನ ಹೊಟ್ಟೆಯಲ್ಲಿ ಸೂಜಿ ತೂರಿ ಎಳೆದರೆ ಮುಗಿಯಿತು. ಈ ಊರಿನಲ್ಲಿ ಹಾರ ಮಾಡುವುದು ಹೀಗೆ. ಬೆರಳಿನಲ್ಲಿ ಗಂಟು ಹಾಕಿ ಹೂ ಕಟ್ಟುವುದು ಇವರ ಮನೆಗಳಲ್ಲಿಲ್ಲ. ಓಂಕಾರನಲ್ಲ ಎಂಬುದು ಅಲ್ಲಿಗೆ ಖಾತ್ರಿಯಾಯಿತು. ಓಂಕಾರ್ ಭೈಯಾ ಕಳ್ಳರಲ್ಲ, ನನಗೆ ಗೊತ್ತು ಎಂದು ಅವಳು ಹಿಂದಿಯಲ್ಲಿ ಹೇಳಿದಳು. ಹೆಂಡತಿ ಸೂಜಿಯಿಂದ ಕಣ್ಣು ತೆಗೆಯಲಿಲ್ಲ. ಗೊತ್ತಿದ್ದರೆ ನಿಮ್ಮ ಮನೆಯವರಿಗೆ ಹೇಳಿ, ನನಗೇಕೆ ಎಂದಳು.

ಶುಕ್ರವಾರ ಮನೆಗೆ ಬಂದವರು ಮೂವರು. ಹಾಲಿನವನು ಗೇಟಿನಾಚೆಗೇ ನಿಲ್ಲುತ್ತಾನೆ. ಓಂಕಾರ ಬಂದಿದ್ದ. ಮತ್ತೆ ಪ್ರತಿ ಶುಕ್ರವಾರದ ಹಾಗೆ ಮುಚ್ಚಳವಿರುವ ಹೂವಿನ ಬುಟ್ಟಿಯೊಂದಿಗೆ ಬಂದು, ಕಾಕು ಅವಲಕ್ಕಿ ಒಗ್ಗರಿಸುವವರೆಗೆ ಮರಿಗಳ ಹತ್ತಿರ ಕುಳಿತಿದ್ದವಳು ವಾಸಂತಕ್ಕ.

ವಾಸಂತಿಯ ಗಂಡ ಮಹಾದೇವ ಬ್ಯಾಂಕಿನವರು. ಮೈಸೂರಿನಿಂದ ವರ್ಗವಾಗಿ ಬಂದು ಕೇದಾರಘಾಟಿನ ಹಿಂದೆ ಮನೆ ಮಾಡಿದ್ದರು. ಶರಣ್ಯಾಳಿಗೆ ಜ್ವರ ಬಂದಾಗ ಎರಡು ವಾರ ಸಾರು ಹೊತ್ತು ತಂದವಳು ಇದೇ ವಾಸಂತಕ್ಕ. ಅವಳೇ ಎಂದು ಒಪ್ಪಿಕೊಳ್ಳಲು ಮನಸ್ಸು ಬಾರದೆ, ಟೋಟೋ ಎಂಬ ಬ್ಯಾಟರಿ ರಿಕ್ಷಾದಲ್ಲಿ ಕುಳಿತ ಶರಣ್ಯಾ ಬೇರೆ ಯಾರಾದರೂ ಇರಬಹುದೇ ಎಂದು ಹುಡುಕುತ್ತಲೇ ಇದ್ದಳು. ಹುಡುಕಲು ಸಮಯ ಬೇಕಾದಷ್ಟಿತ್ತು. ಅಸ್ಸಿಯಿಂದ ಸೋನಾರಪುರದವರೆಗೆ ಒಂದು ಗಾಡಿಯೂ ಅಲುಗಲಿಲ್ಲ. ಮುಂದೆ ಎತ್ತೊಂದು ರಸ್ತೆಯ ನಡುವೆ ನಿಂತಿತ್ತು. ಅದಕ್ಕೆ ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಅರ್ಧಗಂಟೆ ಕಾದು, ಹಲ್ಲು ಕಚ್ಚಿ, ಕೊನೆಗೆ ಇಳಿದು ನಡೆದಳು.

ಮೂರನೆಯ ಮಹಡಿ. ಕಡಿದಾದ, ಕತ್ತಲ, ಒಬ್ಬರು ಇಳಿದರೆ ಇನ್ನೊಬ್ಬರು ಗೋಡೆಗೆ ಅಂಟಬೇಕಾದ ಮೆಟ್ಟಿಲುಗಳು.

ವಾಸಂತಿ ಕಿಟಕಿಯ ಬಿಸಿಲಿಗೆ ಬೆನ್ನು ಕೊಟ್ಟು ಸೇವಂತಿಗೆ ಕಟ್ಟುತ್ತಿದ್ದಳು. "ಬಾ ಶರಣ್ಯಾ. ಏನು, ಇವತ್ತು ಯೂನಿವರ್ಸಿಟಿ ಇಲ್ವಾ?"

ಶರಣ್ಯಾ ಕಾಗದ ಬಿಡಿಸಿ ಕೆಂಪು ದಾರವನ್ನು ಹೂವಿನ ತಟ್ಟೆಯಲ್ಲಿ ಇಟ್ಟಳು.

ವಾಸಂತಿಯ ಬೆರಳು ನಿಲ್ಲಲಿಲ್ಲ. ಒಂದು ಹೂವು ಕಟ್ಟಿದಳು. ಇನ್ನೊಂದು ಕಟ್ಟಿದಳು. ಮೂರನೆಯದನ್ನು ತೆಗೆದುಕೊಂಡು ಹಾಗೇ ಹಿಡಿದು ಕುಳಿತಳು.

"ಕೈ ಗುರುತು ಸಿಕ್ಕಿಬಿಡ್ತಾ," ಎಂದಳು. "ಬೇರೆ ಥರ ಗಂಟು ಹಾಕೋಕೆ ನಂಗೆ ಬರೋದೇ ಇಲ್ಲ ಕಣೆ."

"ಮರಿ ಎಲ್ಲಿ ಅಕ್ಕ?"

"ಮೆಲ್ಲಗೆ ಮಾತಾಡು. ಈಗ ತಾನೇ ಮಲಗಿದೆ."

ಅಡುಗೆಮನೆಯ ಮೂಲೆಯಲ್ಲಿ ಮಣ್ಣಿನ ಅಗ್ಗಿಷ್ಟಿಕೆಯ ಪಕ್ಕ ಅದೇ ಹೂವಿನ ಬುಟ್ಟಿ. ಬುಟ್ಟಿಯೊಳಗೆ ಮಹಾದೇವರ ಹಳೆಯ ಸ್ವೆಟರು. ಸ್ವೆಟರಿನೊಳಗೆ ಕೆಂಪ. ಶರಣ್ಯಾ ಕೈಯಿಟ್ಟಳು. ಕೆಂಡದ ಕಡೆಯ ಮೈ ಬೆಚ್ಚಗಿತ್ತು, ಈಚೆಯದು ತಣ್ಣಗೆ. ಬೆನ್ನಮೂಳೆ ಬೆರಳಿಗೆ ಮಣಿಸರದಂತೆ ಸಿಕ್ಕಿತು. ಬಾಲದ ಕೆಳಗೆ ಭೇದಿಯಾಗಿ ಕೂದಲು ಅಂಟಿತ್ತು. ಆದರೆ ಉಸಿರಿತ್ತು.

"ಏನು ಕುಡಿಸಿದಿರಿ?"

"ಹಸುವಿನ ಹಾಲು. ನೀರು ಬೆರೆಸಿ, ಶಾಯಿ ಹಾಕೋ ಫಿಲ್ಲರಲ್ಲಿ."

"ನಾಯಿಮರಿಗೆ ಅದು ಆಗಲ್ಲ ಅಂತ ಕಾಕಾ ನೂರು ಸಲ ಹೇಳಿದಾರೆ."

"ಹೇಳ್ತಾರೆ," ಎಂದಳು ವಾಸಂತಿ, ಮೊದಲ ಬಾರಿಗೆ ದನಿ ಗಡುಸಾಗಿ. "ಅವರು ಹೇಳೋದು ಚೆನ್ನಾಗಿ ಹೇಳ್ತಾರೆ. ಸಂಕ್ರಾಂತಿ ದಿನ ಎಳ್ಳು ಬೀರೋಕೆ ಬಂದ ಹನ್ನೆರಡು ಜನದೆದುರು ನನಗೂ ಹೇಳಿದ್ರಲ್ಲ. ಮೂರನೇ ಮಹಡಿ, ಮೆಟ್ಟಿಲು ಹತ್ತಿಸಿದ್ರೆ ಮರಿ ಸೊಂಟ ಹೋಗುತ್ತೆ, ನಿಮಗೆ ಕೊಡಲ್ಲ ಅಂತ. ಸರಿ, ಕೊಡ್ಬೇಡಿ. ನಾಯಿ ಸಾಕೋದು ಅಂದ್ರೆ ಗೊಂಬೆ ಸಿಂಗಾರ ಮಾಡಿದ ಹಾಗಲ್ಲ ಅಂತ ಯಾಕೆ ಅನ್ಬೇಕಿತ್ತು? ಹರ್ಷಿತಾ ಅಲ್ಲೇ ನಿಂತಿದ್ಲು. ಮನೆಗೆ ಬಂದು ಮಗು ಎರಡು ದಿನ ಮಾತಾಡ್ಲಿಲ್ಲ."

ಮಗಳ ಮುಖ ನೋಡಲಾರದೆ ಅವಳು ಯಾರೋ ಬೀದಿಯ ಮಾರಾಟಗಾರನಿಂದ ಮರಿಯೊಂದನ್ನು ತಂದಿದ್ದಳು. ನಲವತ್ತು ದಿನದ ಮರಿ ಎಂದು ಅವನು ಹೇಳಿದ್ದ. ಮನೆಗೆ ತಂದು ನೋಡಿದರೆ ಅದಕ್ಕೆ ಸರಿಯಾಗಿ ಕಣ್ಣೇ ತೆರೆದಿರಲಿಲ್ಲ. ಹಾಲು ಕುಡಿಯಲಿಲ್ಲ, ರಾತ್ರಿಯೆಲ್ಲ ಕೂಗಿತು, ಆಮೇಲೆ ಕೂಗುವುದನ್ನೂ ಬಿಟ್ಟಿತು. ಮಾರಿದವನು ಎಲ್ಲೂ ಸಿಗಲಿಲ್ಲ. ಈ ಊರಿನಲ್ಲಿ ಹಾಲು ಸುರಿಯುವ ತಾಯಿ ಅವಳಿಗೆ ಗೊತ್ತಿದ್ದದ್ದು ಒಂದೇ, ಗೌರಿ. ಹಯವದನರ ಕಾಲು ಹಿಡಿದರೂ ಹೊರಗಿನ ಮರಿಯನ್ನು ರೋಗದ ಭಯಕ್ಕೆ ಒಳಗೆ ಬಿಡುವುದಿಲ್ಲ. ಎಂಟರ ಜೊತೆ ಒಂಬತ್ತನೆಯದನ್ನು ಇಟ್ಟರೆ ಎಣಿಸಿದ ಕ್ಷಣ ಗೊತ್ತಾಗುತ್ತದೆ.

"ಅದಕ್ಕೆ ನಮ್ಮದನ್ನ ಸಾಯಿಸೋಕೆ ತಂದ್ರಾ?"

"ಎಂಟರಲ್ಲಿ ಎಲ್ಲರನ್ನೂ ತಳ್ಳಿ ಕುಡೀತಿದ್ದದ್ದು ಇದೊಂದೇ. ಗಟ್ಟಿ ಜೀವ, ಎರಡು ದಿನ ತಡ್ಕೊಳ್ಳುತ್ತೆ ಅಂದ್ಕೊಂಡೆ. ನಂದು ಅಷ್ಟರಲ್ಲಿ ಚೇತರಿಸ್ಕೊಳ್ಳುತ್ತೆ, ಮತ್ತೆ ಬದಲಾಯಿಸಿಬಿಡೋಣ ಅಂತ."

"ಎರಡು ದಿನ ಆಗಿ ಮತ್ತೆರಡು ದಿನ ಆಯ್ತಲ್ಲ."

"ಭಾನುವಾರ ಬುಟ್ಟಿ ಹಿಡ್ಕೊಂಡು ಬಂದಿದ್ದೆ ಕಣೆ. ನಿಮ್ಮ ಗಲ್ಲಿ ತಿರುವಿನವರೆಗೂ ಬಂದೆ. ಆ ಕಂಪೌಂಡರ್ ಚೀಲ ನೆಲಕ್ಕೆ ಸುರೀತಿದ್ರು ನಿಮ್ಮ ಕಾಕಾ." ವಾಸಂತಿ ಕೈಯಲ್ಲಿದ್ದ ಸೇವಂತಿಗೆಯನ್ನು ತಟ್ಟೆಗೆ ಹಾಕಿದಳು. "ಹಾಗೇ ತಿರುಗಿ ಬಂದುಬಿಟ್ಟೆ."

ಶರಣ್ಯಾಳಿಗೆ ಸಿಟ್ಟು ಬಂತು. ಈ ಹೆಂಗಸಿನ ಮೇಲೆ, ಆ ಗಂಡಸಿನ ಬಾಯಿಯ ಮೇಲೆ, ಮರಿಯ ಕಡೆ ನೋಡದೆ ತಕ್ಕಡಿಯ ಕಡೆ ನೋಡಿದ ತಮ್ಮೆಲ್ಲರ ಮೇಲೆ. ನರಿಯನ್ನು ಹಿಡಿದ ಮೇಲೆ ಏನು ಮಾಡಬೇಕೆಂದು ಅಜ್ಜಿ ಹೇಳಿರಲಿಲ್ಲ.

"ಒಂದೇ ಕೇಳ್ತೀನಿ. ಬೇರೆ ಯಾವ ಮರೀನಾದ್ರೂ ಮುಟ್ಟಿದಿರಾ?"

"ನಾನು ಬಿಚ್ಚಿದ್ದು ಒಂದೇ ದಾರ, ಕಟ್ಟಿದ್ದೂ ಒಂದೇ ದಾರ. ಯಾಕೆ?"

"ಏನಿಲ್ಲ. ಸ್ವೆಟರ್ ಹಾಕ್ಕೊಳ್ಳಿ. ನೀವೂ ಬರ್ತಿದೀರಿ. ನಿಮ್ಮ ಮಾತು ನೀವೇ ಹೇಳ್ಬೇಕು."

ಕೆಂಪನನ್ನು ಶಾಲಿನಲ್ಲಿ ಸುತ್ತಿ ಶರಣ್ಯಾ ತನ್ನ ಸ್ವೆಟರಿನೊಳಗೆ ಎದೆಗೆ ಅವುಚಿಕೊಂಡಳು. ಮೆಟ್ಟಿಲಿಳಿದು ಗಲ್ಲಿಗೆ ಬಂದರೆ ಹರಿಶ್ಚಂದ್ರ ಘಾಟಿಗೆ ಹೊರಟ ಹೆಣವೊಂದು ಎದುರಾಯಿತು. ಇಬ್ಬರೂ ಗೋಡೆಗೆ ಒತ್ತಿ ನಿಂತರು. ಹೊತ್ತವರು ದಾಟಿದರು, ಹಿಂದೆ ಬಂದ ನೆಂಟರು ದಾಟಿದರು, ಚಪ್ಪಲಿ ಕಳೆದುಕೊಂಡ ಒಬ್ಬ ಅದನ್ನು ಹುಡುಕಲು ನಿಂತ. ಸ್ವೆಟರಿನೊಳಗೆ ಕೆಂಪ ಅವಳ ಬೆರಳನ್ನು ಚೀಪುತ್ತಿದ್ದ. ಚೀಪುವುದು ನಿಂತಿತು. ಅವಳು ಉಸಿರು ಹಿಡಿದಳು. ಮತ್ತೆ ಶುರುವಾಯಿತು, ಇನ್ನೂ ಸಣ್ಣಗೆ.

ಅಸ್ಸಿಯಲ್ಲಿ ಮತ್ತೆ ಗಾಡಿಗಳ ಸಾಲು. ಬೆಳಗಿನ ಎತ್ತು ಅಲ್ಲೇ ಇತ್ತು. ವಾಸಂತಿ ಟೋಟೋದವನಿಗೆ ದಾರಿ ಬಿಡಿಸಿಕೋ ಭೈಯಾ ಎಂದು ಬೇಡುತ್ತಿದ್ದಳು. ಅವನು ತಿರುಗಿ, ಎತ್ತು ನನ್ನ ಮಾತು ಕೇಳುವುದಾದರೆ ನಾನೇಕೆ ಟೋಟೋ ಓಡಿಸುತ್ತಿದ್ದೆ ಎಂದ.

ಮನೆ ಮುಟ್ಟಿದಾಗ ನಾಲ್ಕೂವರೆ. ಹಯವದನ ಕಾಕಾ ಬೇಗ ಬಂದು, ಮಫ್ಲರನ್ನೂ ಬಿಚ್ಚದೆ, ಚೌಕಿಗೆ ಹೊರಟು ಗೇಟಿನಲ್ಲೇ ನಿಂತಿದ್ದರು. ಶರಣ್ಯಾ ಸ್ವೆಟರಿನಿಂದ ಶಾಲನ್ನು ತೆಗೆದು ಅವರ ಕೈಗಿಟ್ಟು, ನಿಂತಲ್ಲೇ ಎಲ್ಲ ಹೇಳಿದಳು; ಸಂಕ್ರಾಂತಿಯ ಮಾತನ್ನೂ ಬಿಡಲಿಲ್ಲ. ಕಾಕಾ ವಾಸಂತಿಯ ಕಡೆ ನೋಡಲಿಲ್ಲ. ಮರಿಯ ಒಸಡನ್ನು ಒತ್ತಿ ನೋಡಿದರು, ಬಾಯಿಯೊಳಗೆ ಕಿರುಬೆರಳಿಟ್ಟು ನೋಡಿದರು.

ಕೌಸಲ್ಯಾ ಕಾಕು ಓಡಿಬಂದು ಮರಿಯನ್ನು ಕಸಿದುಕೊಳ್ಳುವಂತೆ ಕೈಚಾಚಿದಳು. "ಕೊಡ್ರಿಲ್ಲೆ. ಗೌರಿಗೆ ಹಚ್ಚತೇನಿ."

"ತಡಿ. ಮೈ ತಣ್ಣಗದ."

"ನಾಕು ದಿನಾ ಹಸದದ."

"ತಣ್ಣಗಿದ್ದ ಮರಿಗೆ ಹಾಲು ಕುಡಿಸಿದ್ರ ಹೊಟ್ಟ್ಯಾಗ ಅದು ಅರಗೂದಿಲ್ಲ. ಹಾಲಽ ಅದನ್ನ ಕೊಲ್ತದ. ಮೊದಲ ಕಾವು, ಆಮ್ಯಾಲ ಹಾಲು."

ಎರಡು ಮಾರು ದೂರದಲ್ಲಿ ತಾಯಿ, ಕೈಯಲ್ಲಿ ಮರಿ, ಮತ್ತೆ ಕಾಯುವುದೇ. ಕಾಕಾ ಗೋಡೆಗೆ ಒರಗಿ ಕುಳಿತು, ಅಂಗಿಯ ಗುಂಡಿ ಬಿಚ್ಚಿ ಕೆಂಪನನ್ನು ಬರಿಯ ಎದೆಗೆ ಇಟ್ಟುಕೊಂಡು ಮೇಲೆ ಮಫ್ಲರ್ ಸುತ್ತಿದರು. ಐದಾಯಿತು. ಐದು ಕಾಲಾಯಿತು. ಗೌರಿ ಅವರ ಮೊಣಕಾಲಿಗೆ ಗದ್ದವಿಟ್ಟು ಕಾದಳು. ಶರಣ್ಯಾ ದೇವರ ಗೂಡಿನ ಕಡೆಗೊಮ್ಮೆ, ಕಿಟಕಿಯ ಬೆಳಕಿನ ಕಡೆಗೊಮ್ಮೆ ನೋಡುತ್ತಿದ್ದಳು. ದೀಪ ಹಚ್ಚುವ ಹೊತ್ತು ಅಂಗಳದಲ್ಲಿ ಇಳಿಯುತ್ತಿತ್ತು. ವಾಸಂತಿ ಹೊಸ್ತಿಲಾಚೆ, ಚಪ್ಪಲಿ ಬಿಡುವ ಜಾಗದಲ್ಲಿ, ಬರಿಯ ಬುಟ್ಟಿ ಹಿಡಿದು ನಿಂತೇ ಇದ್ದಳು.

ಐದೂ ಇಪ್ಪತ್ತೈದಕ್ಕೆ ಮಫ್ಲರಿನೊಳಗಿಂದ ಒಂದು ಕೀರಲು ದನಿ ಬಂತು. ಹುಟ್ಟಿದ ದಿನದ್ದೇ ದನಿ.

ಕಾಕಾ ತಲೆಯೆತ್ತಿ ಮೊದಲ ಬಾರಿಗೆ ಬಾಗಿಲ ಕಡೆ ನೋಡಿದರು. ಬಾಣಂತಿ ಪೆಟ್ಟಿಗೆಯ ಹತ್ತಿರ ಯಾರನ್ನೇ ಬಿಡುವಾಗಲೂ ಅವರು ಹೇಳುವುದು ಒಂದೇ ಮಾತು. ಅದನ್ನೇ ಹೇಳಿದರು.

"ಕೈ ತೊಳ್ಕೊಂಡ್ ಬರ್ರಿ."

ವಾಸಂತಿ ಕೈ ತೊಳೆದಳು. ಬಹಳ ಹೊತ್ತು ತೊಳೆದಳು. ಬರುವಾಗ ಮುಖವನ್ನೂ ತೊಳೆದಿದ್ದಳು.

"ನಿಮ್ಮ ಮರಿಗೆ ಬಿಳೇ ದಾರ ಕಟ್ಟರಿ," ಎಂದರು ಕಾಕಾ, ಅವಳ ಮುಖ ನೋಡದೆ. "ಒಂಬತ್ತು ಅಂತ ಬರಿತೇನಿ. ಐವತ್ತಾರು ದಿನಾ ತುಂಬಲಿ. ಆಮ್ಯಾಲ ಮೆಟ್ಟಿಲದ್ದು ಏನು ಮಾಡೂದು ಅಂತ ಕೂತು ಮಾತಾಡೋಣ. ನಾಳೆ ಮುಂಜಾನೆ ಓಂಕಾರನ ಮನಿಗೆ ನಾ ಹೋಗಬೇಕು. ಒಬ್ಬನಽ."

ಕೌಸಲ್ಯಾ ಕಾಕು ಗೌರಿಯನ್ನು ಪೆಟ್ಟಿಗೆಯಲ್ಲಿ ಮಲಗಿಸಿದಳು. ಶರಣ್ಯಾ ಕೆಂಪನನ್ನು ಎರಡೂ ಕೈಯಲ್ಲಿ ತಂದು ಹಿಂಗಾಲಿನ ಬಳಿಯ, ಹಾಲು ಹೆಚ್ಚಿರುವ ಮೊಲೆಗೆ ಹಿಡಿದಳು. ಅವನು ತಡಕಾಡಿದ. ಜಾರಿದ. ಕಾಕು ಒಂದು ಹನಿ ಹಿಂಡಿ ತುಟಿಗೆ ಸವರಿದಳು. ಕೆಂಪ ಬಾಯಿ ತೆರೆದು ಕಚ್ಚಿ, ಮುಂಗಾಲಿನಿಂದ ತಾಯಿಯ ಹೊಟ್ಟೆಯನ್ನು ಒತ್ತಿ ಒತ್ತಿ ಕುಡಿಯತೊಡಗಿದ.

ಕಾಕು ಎದ್ದು ಹೋಗಿ ದೇವರ ದೀಪ ಹಚ್ಚಿದಳು. ಕೊಟ್ಟ ಮಾತು ಉಳಿದಿತ್ತು. ನಾಲ್ಕು ದಿನದಲ್ಲಿ ಮೊದಲ ಬಾರಿಗೆ ಶರಣ್ಯಾ ಗೋಡೆಗೆ ತಲೆ ಆನಿಸಿದಳು. ಹೂವು ಮುಗಿಯಿತು ಅಜ್ಜಿ, ಇನ್ನು ಕಥೆ ಹೇಳು ಎಂದುಕೊಂಡಳು.

ಕೆಂಪ ಹೊಟ್ಟೆ ತುಂಬಿ ಕಳಚಿಕೊಂಡ ಮೇಲೆ ಗೌರಿ ಎದ್ದಳು. ಒಂದೊಂದೇ ಮರಿಯನ್ನು ಮೂಗಿನಿಂದ ಮುಟ್ಟಿದಳು. ಕೆಂಪನನ್ನು ಬಾಲದಿಂದ ಮೂತಿಯವರೆಗೆ ನೆಕ್ಕಿದಳು. ಬಿಳಿಯದನ್ನೂ ನೆಕ್ಕಿದಳು. ಹಸಿರು, ಹಳದಿ, ಕಪ್ಪು. ನೀಲಿಯ ಹತ್ತಿರ ಒಂದು ಕ್ಷಣ ನಿಂತು, ಮೂಸಿ, ಮುಂದಕ್ಕೆ ಹೋದಳು.

ಆಮೇಲೆ ಪೆಟ್ಟಿಗೆಯಿಂದ ಇಳಿದು, ಹೊಸ್ತಿಲಿಗೆ ಹೋಗಿ, ಮೂತಿ ಆನಿಸಿ ಕುಳಿತಳು.

ರೂಢಿ ಇರಬೇಕು, ನಾಲ್ಕು ದಿನ ಕೂತಿದ್ದಳಲ್ಲ ಎಂದಳು ಕಾಕು, ತನಗೇ ಹೇಳಿಕೊಂಡ ಹಾಗೆ. ಶರಣ್ಯಾ ಕತ್ತರಿ ತೆಗೆದುಕೊಂಡು ನೀಲಿಯನ್ನು ಮಡಿಲಿಗೆ ಎಳೆದುಕೊಂಡಳು. ಉಗುರು ನೋಡಿದಳು, ನೀಟಾಗಿ ಕತ್ತರಿಸಿತ್ತು. ಪುಸ್ತಕ ತಿರುವಿದಳು; ತೂಕ ದಿನದಿನವೂ ಅಂದಾಜಿನಷ್ಟೇ ಏರಿತ್ತು, ಒಂದು ಗ್ರಾಂ ಅನುಮಾನಕ್ಕೂ ಜಾಗವಿಲ್ಲದಂತೆ.

ದಾರದ ಗಂಟಿಗಾಗಿ ಕುತ್ತಿಗೆಯ ಸುತ್ತ ಬೆರಳಾಡಿಸಿದಳು. ಒಂದು ಸುತ್ತು. ಇನ್ನೊಂದು ಸುತ್ತು.

ನೀಲಿ ದಾರಕ್ಕೆ ಗಂಟೇ ಇರಲಿಲ್ಲ. ಎರಡು ತುದಿಗಳನ್ನು ಒಂದರ ಮೇಲೊಂದು ಇಟ್ಟು, ಸಣ್ಣ ಸಣ್ಣ ಹೊಲಿಗೆಯಲ್ಲಿ, ಚೆಂಡುಹೂವು ಪೋಣಿಸುವ ಬಿಳಿ ನೂಲಿನಿಂದ, ಸೂಜಿಯಲ್ಲಿ ಹೊಲಿದಿದ್ದರು.